ಮನೆಮಾತು ಕಾಗದದ ಮೇಲೂ ಇರಲಿ

(ಪಳನಿಯಲ್ಲಿ ಸೇರಿದ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ತಾಳವಾಡಿ, ಹೊಸೂರು ಕಡೆಯಿಂದ ಬಂದವರು ಇಲ್ಲಿದ್ದೀರಿ. ಪಳನಿ, ದಿಂಡಿಗಲ್, ಕಂಬಂ ಕಡೆಯ ಬಂಧುಗಳೂ ಇದ್ದೀರಿ. ಮೊದಲನೆಯವರ ಮಕ್ಕಳಿಗೆ ಕನ್ನಡ ಶಾಲೆಯಲ್ಲಿಯೂ ಉಂಟು, ಮನೆಯಲ್ಲಿಯೂ ಉಂಟು. ಎರಡನೆಯವರಲ್ಲಿ ಹೆಚ್ಚಿನವರಿಗೆ ಅದು ಮನೆಯ ಹೊಸ್ತಿಲೊಳಗೆ ಮಾತ್ರ ಉಂಟು. ಈ ವ್ಯತ್ಯಾಸದಿಂದ ಏನಾಗುತ್ತದೆ ಎಂಬುದನ್ನು ಹಳೆಯ ದಾಖಲೆಗಳು ಚೆನ್ನಾಗಿ ತೋರಿಸುತ್ತವೆ. ಆದ್ದರಿಂದ ಈ ದಿನ ದಾಖಲೆಗಳ ವಿಷಯ ಮಾತನಾಡುತ್ತೇನೆ. ಮೇಷ್ಟ್ರಿಗೆ ಬೇರೆ ವಿಷಯ ಸಿಗಲಿಲ್ಲವೇ ಎನ್ನಬೇಡಿ. ನಿಮ್ಮ ಮಗುವಿನ ಶಾಲೆಗೆ ಕನ್ನಡ ಮೇಷ್ಟ್ರು ಉಳಿಯುತ್ತಾರೋ ಇಲ್ಲವೋ ಎಂಬುದೂ ಕೊನೆಗೆ ಒಂದು ಕಾಗದವನ್ನೇ ಅವಲಂಬಿಸಿದೆ.

ಕಂಬಂ ಕಣಿವೆಯಲ್ಲಿ ಕಪ್ಪಿಲಿಯರು, ಒಕ್ಕಲಿಗರು ಎಂದು ಕರೆಸಿಕೊಳ್ಳುವ ಬೇಸಾಯದ ಜನ ಹಲವು ತಲೆಮಾರುಗಳಿಂದ ಇದ್ದಾರೆ. ಮನೆಯಲ್ಲಿ ಅವರು ಆಡುವುದು ಒಂದು ಬಗೆಯ ಕನ್ನಡ. ಅನುಪ್ಪರದೂ ಹಾಗೆಯೇ. ಕಂಬದ ನಂದಗೋಪಾಲ ಸ್ವಾಮಿಯ ಸನ್ನಿಧಿಯಲ್ಲಿ ದೇವರಿಗೆ ಬಿಟ್ಟ ದನಗಳ ಮಂದೆ ಉಂಟು. ತಮಿಳಿನಲ್ಲಿ ಅದಕ್ಕೆ ‘ತಂಬಿರಾನ್ ಮಾಡು’ ಎನ್ನುತ್ತಾರೆ. ಕನ್ನಡದಲ್ಲಿ ಅದರ ಹೆಸರೇನು? ‘ದೇವರ ಆವು’. ಮಂದೆಯ ಮುಖ್ಯ ಹೋರಿ ‘ಪಟ್ಟದ ಆವು’. ಹೋರಿಗೆ ಪಟ್ಟ ಕಟ್ಟುವ ದಿನ ಮಂದೆಯ ಮುಂದೆ ಕಬ್ಬಿನ ಕಂತೆ ಇಡುತ್ತಿದ್ದರಂತೆ. ಯಾವ ಹೋರಿ ಮೊದಲು ಬಂದು ಬಾಯಿ ಹಾಕುವುದೋ ಅದಕ್ಕೆ ಪಟ್ಟ. ಆವು ಎಂಬುದು ಹಳಗನ್ನಡದ ಮಾತು, ನಮ್ಮ ಆಕಳಿನ ನೆಂಟ. ಕರ್ನಾಟಕದಲ್ಲೇ ಬಳಕೆ ತಪ್ಪಿದ ಮಾತು ಇಷ್ಟು ದೂರದ ಕೊಟ್ಟಿಗೆಯಲ್ಲಿ ಉಳಿದಿತ್ತು.

ಈ ಸಂಗತಿ ನಮಗೆ ಹೇಗೆ ತಿಳಿಯಿತು? ಡಬ್ಲ್ಯು. ಫ್ರಾನ್ಸಿಸ್ ಎಂಬ ಅಧಿಕಾರಿ 1906ರಲ್ಲಿ ಮಧುರೆ ಜಿಲ್ಲೆಯ ಗೆಝೆಟಿಯರ್ ಬರೆದ. ಎಡ್ಗರ್ ಥರ್ಸ್ಟನ್ 1909ರಲ್ಲಿ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳನ್ನು ಕುರಿತು ಏಳು ಸಂಪುಟ ತಂದ. ಇಂಥ ಪುಸ್ತಕಗಳಿಂದಲೇ ಹೊರಗಿನವರಿಗೆ ಈ ಜನರ ವಿಷಯ ತಿಳಿಯಿತು. ಮಾತು ನಮ್ಮದು, ಬರೆದ ಕೈ ಪರರದು. ಅವರು ಬರೆದದ್ದಕ್ಕೆ ಕೃತಜ್ಞರಾಗಿರೋಣ. ಆದರೆ ಅವರು ಕೇಳದೆ ಬಿಟ್ಟದ್ದು, ತಪ್ಪಾಗಿ ಕೇಳಿದ್ದು ಎಷ್ಟೋ! ಆ ಮನೆಗಳ ಅಜ್ಜಿಯರು ಕನ್ನಡದಲ್ಲಿ ಕಥೆ ಹೇಳಬಲ್ಲವರಾಗಿದ್ದರು. ಆದರೆ ಅವರ ಕೈಗೆ ಕನ್ನಡ ಅಕ್ಷರವನ್ನು ಯಾರೂ ಕೊಟ್ಟಿರಲಿಲ್ಲ.

ಸರ್ಕಾರದ ಕಾಗದಗಳ ಮಾತೂ ಇದೇ. ಈ ದಿಂಡಿಗಲ್ ಸೀಮೆ ಒಂದು ಕಾಲಕ್ಕೆ ಮೈಸೂರಿಗೆ ಸೇರಿತ್ತು. 1755ರಲ್ಲಿ ಹೈದರಾಲಿ ಇಲ್ಲಿಗೆ ಫೌಜುದಾರನಾಗಿ ಬಂದ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನ್ ಇದನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟ. ಆಮೇಲಿನ ಕಲೆಕ್ಟರುಗಳ ಪತ್ರ, ಜಮೀನಿನ ಅಳತೆ, ಕಂದಾಯದ ಲೆಕ್ಕಗಳು ಮದ್ರಾಸಿನ ರೆಕಾರ್ಡ್ ಆಫೀಸಿಗೆ ಸೇರಿದವು. ಎಗ್ಮೋರಿನಲ್ಲಿ 1909ರಿಂದ ನಡೆದುಬಂದ ಆ ಕಚೇರಿಯೇ ಈಗಿನ ತಮಿಳುನಾಡು ದಾಖಲೆಗಳ ಭಂಡಾರ. ಅನುಮತಿ ಪಡೆದು ಯಾರಾದರೂ ಅಲ್ಲಿ ಕುಳಿತು ಓದಬಹುದು. ಆದರೆ ಅಲ್ಲಿ ಉಳಿದಿರುವುದು ಸರ್ಕಾರಕ್ಕೆ ಬೇಕಾಗಿದ್ದದ್ದು. ಯಾರು ಎಷ್ಟು ಕಂದಾಯ ಕೊಟ್ಟರು ಎಂಬುದು ಸಿಕ್ಕೀತು. ಮಗುವನ್ನು ಯಾವ ಮಾತಿನಲ್ಲಿ ತೂಗಿದರು ಎಂಬುದು ಸಿಗಲಾರದು.

ಹಾಗಾದರೆ ನಮ್ಮ ಮಾತು ದಾಖಲಾಗುವುದು ಎಲ್ಲಿ? ಎರಡು ಕಡೆ, ಎರಡೂ ನಿಮ್ಮ ಕೈಯಲ್ಲೇ ಇವೆ.

ಮೊದಲನೆಯದು ಶಾಲೆಯ ದಾಖಲಾತಿ ಪುಸ್ತಕ. ಅದರಲ್ಲಿ ಮಾತೃಭಾಷೆ ಎಂಬ ಕಾಲಂ ಇರುತ್ತದೆ. ನಾನು ಕಂಡ ಒಂದು ಶಾಲೆಯಲ್ಲಿ ಮನೆಯಲ್ಲಿ ಅಚ್ಚ ಕನ್ನಡ ಆಡುವ ಹುಡುಗಿಯ ಹೆಸರಿನ ಮುಂದೆ ‘ತಮಿಳು’ ಎಂದಿತ್ತು. ತಂದೆಯನ್ನು ಕೇಳಿದೆ. “ಅವರೇ ಬರೆದುಕೊಂಡರು ಸಾರ್, ನಾನು ಹೆಬ್ಬೆಟ್ಟು ಒತ್ತಿದೆ” ಎಂದರು. ಸಣ್ಣ ತಪ್ಪೇ? 1949ರ ಆಗಸ್ಟಿನಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳು ಸೇರಿ ಒಂದು ತೀರ್ಮಾನ ಮಾಡಿದರು: ಪ್ರಾಥಮಿಕ ಶಾಲೆಯಲ್ಲಿ ಒಂದು ಭಾಷೆಯ 40 ಮಕ್ಕಳು, ಇಲ್ಲವೇ ಒಂದು ತರಗತಿಯಲ್ಲಿ 10 ಮಕ್ಕಳು ಇದ್ದರೆ ಆ ಭಾಷೆಯ ಉಪಾಧ್ಯಾಯರನ್ನು ಕೊಡಬೇಕು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350-ಎ ವಿಧಿಯೂ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಮಾಡಬೇಕೆನ್ನುತ್ತದೆ. ಆದರೆ ಹತ್ತು ಮಕ್ಕಳನ್ನು ಎಣಿಸುವುದು ಹೇಗೆ? ಪುಸ್ತಕ ನೋಡಿ. ಪುಸ್ತಕದಲ್ಲಿ ಒಂಬತ್ತೇ ಇದ್ದರೆ ಹತ್ತನೆಯ ಮಗು ಕಣ್ಣೆದುರು ಕುಳಿತಿದ್ದರೂ ಲೆಕ್ಕಕ್ಕಿಲ್ಲ.

ಎರಡನೆಯದು ಜನಗಣತಿ. ಬಾಲ್ಯದಲ್ಲಿ ತಾಯಿ ಮಗುವಿನೊಡನೆ ಆಡಿದ ಭಾಷೆಯೇ ಅಲ್ಲಿ ಮಾತೃಭಾಷೆ. ಬಲ್ಲ ಇನ್ನೆರಡು ಭಾಷೆಗಳನ್ನು ಬೇರೆಯಾಗಿ ಬರೆಸಬಹುದು. ಕನ್ನಡ ಎಂದರೆ ತಮಿಳನ್ನು ಬಿಟ್ಟುಕೊಟ್ಟಂತೆ ಎಂದು ಅಂಜಬೇಕಾಗಿಲ್ಲ. ತಮಿಳು ನಮಗೆ ಅನ್ನ ಕೊಟ್ಟ ನೆಲದ ಭಾಷೆ, ಮಕ್ಕಳು ಅದನ್ನು ಚೆನ್ನಾಗಿ ಕಲಿಯಲಿ. 2011ರ ಗಣತಿಯಲ್ಲಿ ಈ ರಾಜ್ಯದಲ್ಲಿ ಕನ್ನಡ ಮಾತೃಭಾಷೆ ಎಂದವರು 12 ಲಕ್ಷಕ್ಕೂ ಹೆಚ್ಚು. ಹೇಳದೆ ಬಿಟ್ಟವರು ಆ ಲೆಕ್ಕದಲ್ಲಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಶಾಲೆ ತೆರೆದ ಮೊದಲ ವಾರದಲ್ಲೇ ಹೋಗಿ ಆ ಕಾಲಂ ನೋಡಿ, ತಪ್ಪಿದ್ದರೆ ಮುಖ್ಯೋಪಾಧ್ಯಾಯರಿಗೆ ಅರ್ಜಿ ಕೊಟ್ಟು ನಕಲು ಇಟ್ಟುಕೊಳ್ಳಿ. ಮನೆಯ ಹಳೆಯ ಪತ್ರ, ಮದುವೆಯ ಕರೆಯೋಲೆ, ಜಮೀನಿನ ಕಾಗದಗಳನ್ನು ಗೆದ್ದಲಿಗೆ ಬಿಡಬೇಡಿ. ಭಾನುವಾರ ಮಕ್ಕಳನ್ನು ಅಜ್ಜಿಯ ಹತ್ತಿರ ಕೂರಿಸಿ. ಅವರು ಹೇಳಿದ್ದನ್ನು ಮಗು ಒಂದು ನೋಟುಪುಸ್ತಕದಲ್ಲಿ ಬರೆಯಲಿ, ಕೆಳಗೆ ತಾರೀಖು, ಊರು ಹಾಕಲಿ. ಕಂಬದ ಅಜ್ಜಿಯ ಮಾತನ್ನು ಬರೆಯಲು ಇಂಗ್ಲಿಷ್ ಅಧಿಕಾರಿ ಬರಬೇಕಾಯಿತು. ನಿಮ್ಮ ಮನೆಯ ಅಜ್ಜಿಗೆ ಬರೆಯಬಲ್ಲ ಮೊಮ್ಮಗಳಿದ್ದಾಳೆ. ಕನ್ನಡ ಶಾಲೆ ಅವಳಿಗೆ ಕೊಟ್ಟಿರುವುದು ಅದನ್ನೇ.