ಸವಕಳಿಯ ಲೆಕ್ಕ



ಅಮೆರಿಕದಲ್ಲಿ ಬಾಡಿಗೆಗೆಂದು ಎರಡನೆಯ ಮನೆ ಕೊಂಡವರು ಈ ಸಭೆಯಲ್ಲಿ ಹಲವರಿದ್ದೀರಿ. ನಾವು ದಂಪತಿಗಳೂ ಒಂದನ್ನು ಕೊಂಡೆವು. ಬೆಲೆ 3 ಲಕ್ಷ ಡಾಲರ್. ಅದರಲ್ಲಿ ನೆಲದ ಪಾಲು 60 ಸಾವಿರ, ಕಟ್ಟಡದ್ದು 2 ಲಕ್ಷ 40 ಸಾವಿರ. ನೆಲಕ್ಕೆ ಸವಕಳಿಯಿಲ್ಲ. ವಾಸದ ಕಟ್ಟಡವಾದರೋ ತೆರಿಗೆ ಕಾನೂನಿನ ದೃಷ್ಟಿಯಲ್ಲಿ 27.5 ವರ್ಷಗಳಲ್ಲಿ ಸವೆದುಹೋಗುತ್ತದೆ. ಅಂಗಡಿ, ಕಚೇರಿಗಳಿಗೆ 39 ವರ್ಷ. ಹೀಗೆ ವರ್ಷಕ್ಕೆ ಸುಮಾರು 8,727 ಡಾಲರನ್ನು ಬಾಡಿಗೆಯ ಆದಾಯದಿಂದ ಕಳೆಯಬಹುದು. ಜೇಬಿನಿಂದ ಕಾಸು ಹೋಗದ ಖರ್ಚು ಇದು. ಪೇಟೆಯಲ್ಲಿ ಬೆಲೆ ಏರುತ್ತಿರುವ ಮನೆ ಸವೆಯುತ್ತಿದೆಯೆಂದು ಸರಕಾರವೇ ಒಪ್ಪುವುದು ಒಂದು ವಿನೋದ.

ಆದರೆ ಮೊದಲ ಆರು ವರ್ಷ ನಾವು ಇದನ್ನು ತೋರಿಸಲೇ ಇಲ್ಲ. ಲಾಭಕ್ಕೆ ಮಾರುವಾಗ ಸವಕಳಿಯ ಮೊತ್ತದ ಮೇಲೆ ಗರಿಷ್ಠ ಶೇಕಡಾ 25ರ ದರದಲ್ಲಿ ಕೇಂದ್ರ ತೆರಿಗೆ ಬೀಳುತ್ತದೆಂದು ಕೇಳಿದ್ದೆವು. ಪಡೆಯದಿದ್ದರೆ ತೆರುವ ಪ್ರಮೇಯವೇ ಇಲ್ಲವೆಂದು ಭಾವಿಸಿದೆವು. ತಪ್ಪಾಯಿತು. ಪಡೆದ ಸವಕಳಿಯನ್ನಷ್ಟೇ ಅಲ್ಲ, ಪಡೆಯಬಹುದಾಗಿದ್ದ ಸವಕಳಿಯನ್ನೂ ಕಾನೂನು ಲೆಕ್ಕಕ್ಕೆ ಹಿಡಿಯುತ್ತದೆ. ಉಣ್ಣದ ಊಟಕ್ಕೆ ಹಣ ತೆತ್ತಂತೆ! ಸುಮಾರು 52 ಸಾವಿರದ ಮೇಲೆ 13 ಸಾವಿರ ಡಾಲರ್‌ವರೆಗಿನ ತೆರಿಗೆ ನಮಗಾಗಿ ಕಾದಿತ್ತು. ಕೊನೆಗೆ ಲೆಕ್ಕಪರಿಶೋಧಕರೊಬ್ಬರು ದಾರಿ ತೋರಿದರು: ಎರಡು ಅಥವಾ ಹೆಚ್ಚು ವರ್ಷ ಬಿಟ್ಟುಹೋಗಿದ್ದರೆ 3115ನೆಯ ನಮೂನೆ ಸಲ್ಲಿಸಿ, ಬಾಕಿ ಸವಕಳಿಯನ್ನೆಲ್ಲ ಒಂದೇ ವರ್ಷದಲ್ಲಿ ವಜಾ ಮಾಡಿಕೊಳ್ಳಬಹುದು. ಅದನ್ನೇ ಮಾಡಿದೆವು.

ಬಾಡಿಗೆಯ ನಷ್ಟವನ್ನು ಸಂಬಳದಿಂದ ಕಳೆಯುವ ಆಸೆಗೆ 1986ರ ಕಾನೂನು ಕಡಿವಾಣ ಹಾಕಿತು. ಮನೆಯ ಉಸ್ತುವಾರಿಯಲ್ಲಿ ತಾವೇ ತೊಡಗಿದವರಿಗೆ 25 ಸಾವಿರ ಡಾಲರ್‌ವರೆಗೆ ಅವಕಾಶವುಂಟು. ಆದಾಯ ಒಂದು ಲಕ್ಷ ದಾಟಿದಂತೆ ಅದು ಕರಗುತ್ತ, ಒಂದೂವರೆ ಲಕ್ಷಕ್ಕೆ ಇಲ್ಲವಾಗುತ್ತದೆ. ಉಳಿದ ನಷ್ಟ ಮುಂದಿನ ವರ್ಷಗಳಿಗೆ ಸಾಗುತ್ತದೆ.

ಇನ್ನು 1031ನೆಯ ಕಲಮಿನ ವಿನಿಮಯ. ಮಾರಿದ 45 ದಿನಗಳೊಳಗೆ ಹೊಸ ಹೂಡಿಕೆಯ ಆಸ್ತಿಯನ್ನು ಲಿಖಿತವಾಗಿ ಗುರುತಿಸಿ, ಹೆಚ್ಚೆಂದರೆ 180 ದಿನಗಳೊಳಗೆ ಸಮಬೆಲೆಯ ಅಥವಾ ಹೆಚ್ಚಿನ ಬೆಲೆಯ ಆಸ್ತಿ ಕೊಳ್ಳಬೇಕು. ಮಾರಾಟದ ಹಣ ನಮ್ಮ ಕೈ ಮುಟ್ಟದೆ ಮಧ್ಯಸ್ಥರಲ್ಲಿಯೇ ಇರಬೇಕು. ಆಗ ತೆರಿಗೆ ಮನ್ನಾ ಆಗುವುದಿಲ್ಲ; ಹೊಸ ಆಸ್ತಿಯ ಬೆನ್ನೇರಿ ಮುಂದೆ ಹೋಗುತ್ತದೆ.

ಇಲ್ಲಿಯ ಮನೆ ಮಾರಿ ಮೈಸೂರಿನಲ್ಲಿ ನಿವೇಶನ ಕೊಳ್ಳುವವರಿಗೆ ಈ ಸೌಲಭ್ಯವಿಲ್ಲ. ಅಮೆರಿಕದ ಆಸ್ತಿಗೂ ಹೊರದೇಶದ ಆಸ್ತಿಗೂ ಕಾನೂನು ಸಾಜಾತ್ಯವನ್ನು ಒಪ್ಪುವುದಿಲ್ಲ. ನಾವು ತೆರಿಗೆ ತೆತ್ತೇ ಊರಿನ ನಿವೇಶನ ಕೊಂಡೆವು.

ಪ್ರಶ್ನೆಗಳಿದ್ದರೆ ಈಗ ದಯಮಾಡಿ ಕೇಳಬಹುದು.