ಹೊಗಿ ಎಲ್ಲಿಗೆ ಹೋಗತೈತಿ?



ಒಲಿ ಹೊತ್ತಿಸುವಾಗ ನಾವು ಏನು ಮಾಡತೇವಿ? ಕಟ್ಟಿಗಿ ಹಸಿ ಇದ್ದರ ಒಂದು ಪ್ಲಾಸ್ಟಿಕ್ ಚೀಲ ತುರುಕತೇವಿ. ಭಗ್ ಅಂತ ಹತ್ತತೈತಿ. ತಿಪ್ಪಿ ಕಸಕ್ಕೂ ಕಡ್ಡಿ ಗೀರತೇವಿ. ಹಳೆ ಪೈಪು, ವೈರು, ಹರಿದ ಚಪ್ಪಲಿ ಎಲ್ಲಾ ಸುಡತೇವಿ. ಕಸ ಹೋತು ಅಂತ ತಿಳಕೋತೇವಿ.

ಆದರೆ ಕಸ ಹೋಗುವುದಿಲ್ಲ. ತಿರುಗಿ ನಮ್ಮ ಮನೆಗೇ ಬರುತ್ತದೆ. ಹೇಗೆ? ಕೇಳ್ರಿ.

ಪೈಪು, ವೈರಿನ ಪ್ಲಾಸ್ಟಿಕ್ಕಿನಲ್ಲಿ ಕ್ಲೋರಿನ್ ಇರುತ್ತದೆ. ಅದು ಅರೆಬರೆ ಸುಟ್ಟಾಗ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ. ಹೊಗೆಯಲ್ಲಿ ಹಾರಿ ಹುಲ್ಲಿನ ಮೇಲೆ, ಮಣ್ಣಿನ ಮೇಲೆ ಕೂರುತ್ತದೆ. ಎಮ್ಮೆ ಆ ಹುಲ್ಲು ಮೇಯುತ್ತದೆ. ವಿಷ ಹಾಲಿನ ಕೊಬ್ಬಿಗೆ ಸೇರುತ್ತದೆ. ಕೋಳಿ ಆ ಮಣ್ಣು ಕೆದರುತ್ತದೆ. ವಿಷ ತತ್ತಿಗೆ ಸೇರುತ್ತದೆ. ಹಾಲು, ಬೆಣ್ಣಿ, ತತ್ತಿಯಿಂದ ನಮ್ಮ ರಕ್ತಕ್ಕೆ ಬರುತ್ತದೆ. ಮೈಗೆ ಸೇರಿದ್ದು ಅರ್ಧ ಕಡಿಮೆಯಾಗಲು 7ರಿಂದ 11 ವರ್ಷ ಬೇಕು. ಇದು ಹೆಚ್ಚಾದರೆ ಕ್ಯಾನ್ಸರ್ ಬರಬಹುದು. ಹೊಟ್ಟೆಯೊಳಗಿನ ಕೂಸಿಗೂ ಅಪಾಯ.

ಸ್ವಿಟ್ಜರ್ಲೆಂಡ್ ದೇಶದಲ್ಲಿ ಲೊಸಾನ್ ಎಂಬ ಊರಿದೆ. ಅಲ್ಲಿ ಕಸ ಸುಡುವ ಕಾರ್ಖಾನೆ ಇತ್ತು. ಅದು 2005ರಲ್ಲಿ ಮುಚ್ಚಿತು. 2021ರಲ್ಲಿ ನೋಡಿದರೆ ವಿಷ ಇನ್ನೂ ಮಣ್ಣಿನಲ್ಲೇ ಇತ್ತು! ಆ ಮಣ್ಣಿನಲ್ಲಿ ಮೇಯುವ ಕೋಳಿಗಳ ತತ್ತಿ ತಿನ್ನಬೇಡಿ ಎಂದು ಜನರಿಗೆ ಹೇಳಬೇಕಾಯಿತು.

ನಮ್ಮ ಕನ್ನಡದವರದೂ ಒಂದು ಸುದ್ದಿ ಐತಿ. ಕಾಸರಗೋಡಿನ ಪಡ್ರೆ ಗ್ರಾಮದಲ್ಲಿ ಗೇರು ತೋಟಗಳಿವೆ. ಅಲ್ಲಿನ ವಿಷ ಹೊಗೆಯದಲ್ಲ, ಎಣ್ಣಿಯದು. ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದರು. 20 ವರ್ಷಕ್ಕೂ ಹೆಚ್ಚು ಕಾಲ ಹೀಗೆ ನಡೆಯಿತು. ಡಾಕ್ಟರ್ ಮೋಹನ್ ಕುಮಾರ್ ಅಲ್ಲಿ ರೋಗಿಗಳನ್ನು ನೋಡುತ್ತಿದ್ದರು. ಇಷ್ಟು ಸಣ್ಣ ಊರಿನಲ್ಲಿ ಇಷ್ಟೊಂದು ಜಡ್ಡು ಯಾಕೆ ಎಂದು ಕೇಳಿದರು. 2000ದಲ್ಲಿ ಸಿಂಪಡಣೆ ನಿಂತಿತು. 2001ರಲ್ಲಿ ಶಾಲೆಯ ಮಕ್ಕಳ ರಕ್ತ ಪರೀಕ್ಷೆ ಆಯಿತು. ರಕ್ತದಲ್ಲಿ ಎಂಡೋಸಲ್ಫಾನ್ ಸಿಕ್ಕಿತು. 2011ರಲ್ಲಿ ಸುಪ್ರೀಂ ಕೋರ್ಟು ದೇಶದ ತುಂಬ ಅದನ್ನು ನಿಲ್ಲಿಸಿತು.

ನೋಡ್ರಿ, ಗಾಳಿಗೆ ಬಿಟ್ಟದ್ದು ಮಕ್ಕಳ ರಕ್ತಕ್ಕೆ ಬಂತು.

‘ನಮ್ಮ ಒಲಿ ಕಾರ್ಖಾನಿಯಷ್ಟು ದೊಡ್ಡದೇನ್ರಿ?’ ಅಂತ ನೀವು ಕೇಳಬಹುದು. ಖರೆ, ದೊಡ್ಡದಲ್ಲ. ಆದರೆ ಕಾರ್ಖಾನೆಯ ಬೆಂಕಿ 850 ಡಿಗ್ರಿಗಿಂತ ಹೆಚ್ಚು ಕಾಯಬೇಕು. ಅದರ ಹೊಗೆಯನ್ನು ಸೋಸಬೇಕು. ನಮ್ಮ ತಿಪ್ಪಿಗೆ ಯಾವ ಜರಡಿ ಐತಿ? ಒಲಿ ಮುಂದೆ ಕೂಡುವವರು ಯಾರು? ನಾವು, ನಮ್ಮ ಕೂಸುಗಳು.

ಹಾಗಂತ ಅಂಜಿ ಎದಿಹಾಲು ಬಿಡಿಸಬೇಡ್ರಿ. ಕೂಸಿಗೆ ಅದರಂಥ ಆಹಾರ ಬೇರೆ ಇಲ್ಲ. ಬಿಡಿಸಬೇಕಾದದ್ದು ಪ್ಲಾಸ್ಟಿಕ್ ಸುಡುವ ರೂಢಿ.

ಮಳೆಗಾಲಕ್ಕೆ ಮೊದಲೇ ಹತ್ತಿಕಟ್ಟಿಗಿ, ಕುಳ್ಳು ಒಣಗಿಸಿ ಇಡೋಣ. ಹಸಿ ಕಸ ತಿಪ್ಪಿಗೆ ಹಾಕೋಣ. ಪ್ಲಾಸ್ಟಿಕ್ ಬೇರೆ ಚೀಲದಾಗ ಕೂಡಿಸಿ ಪಂಚಾಯ್ತಿ ಕಸದ ಗಾಡಿಗೆ ಕೊಡೋಣ. ಗಾಡಿ ಬರುವುದಿಲ್ಲವೇ? ಗ್ರಾಮಸಭೆಯಲ್ಲಿ ಕೇಳೋಣ. ಈಗ ನಮಗೆ ಬರೆಯಲು ಬರುತ್ತದೆ. ಅರ್ಜಿ ನಾವೇ ಬರೆಯೋಣ. ಕೆಳಗೆ ಹೆಬ್ಬೆಟ್ಟು ಬೇಡ, ನಮ್ಮ ಸಹಿ ಹಾಕೋಣ.