ಹೇಳಿ ಮಾರುವುದೇ ಕಾಯಕ



ಬೆಂಗಳೂರಿನಲ್ಲಿ ಹಳೆಯ ಬೆಂಜ್, ಬಿಎಂಡಬ್ಲ್ಯು ಕಾರುಗಳನ್ನು ಕೊಂಡು ಮಾರುವ ಯುವಕನೊಬ್ಬ ನಮ್ಮನ್ನು ಕೇಳಿದ: “ಬುದ್ಧೀ, ಇದು ಕಾಯಕವೋ, ಬರೀ ಹಣದಾಸೆಯೋ?”

ಮಾರುವುದು ಪಾಪವಲ್ಲ. ನುಲಿಯ ಚಂದಯ್ಯನವರೂ ಹುಲ್ಲು ಕೊಯ್ದು, ಹಗ್ಗ ಹೊಸೆದು ಮಾರಿದವರೇ. ದೊಡ್ಡ ಕಾರಿನ ಬೆಲೆ ಮೊದಲ ಕೆಲವು ವರ್ಷಗಳಲ್ಲೇ ಬಹಳ ಇಳಿಯುತ್ತದೆ. ಅದನ್ನು ಕೊಂಡು, ರಿಪೇರಿ ಮಾಡಿಸಿ, ಬೇಕಾದವರಿಗೆ ಕೊಟ್ಟರೆ ಲಾಭ ನ್ಯಾಯವೇ. ಆದರೆ ಆ ಲಾಭ ಹುಟ್ಟಿದ್ದು ಶ್ರಮದಿಂದಲೋ, ಮುಚ್ಚಿಟ್ಟ ಮಾತಿನಿಂದಲೋ?

2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ಯಮಲೂರಿನಲ್ಲಿ ಬೆಲೆಬಾಳುವ ಕಾರುಗಳು ನೀರಿನಲ್ಲಿ ಮುಳುಗಿದವು. ಮುಳುಗಿದ ಕಾರನ್ನು ತೊಳೆದು ಒಣಗಿಸಿದರೆ ಹೊರಗೆ ಹೊಳೆಯುತ್ತದೆ. ಒಳಗೆ ವೈರುಗಳಿಗೆ ಹತ್ತಿದ ತುಕ್ಕು ಎಷ್ಟೋ ತಿಂಗಳ ಮೇಲೆ ನಡುದಾರಿಯಲ್ಲಿ ಕೈಕೊಡುತ್ತದೆ. ಭದ್ರಾ ಅಣೆಕಟ್ಟಿನ ಮಗ್ಗುಲಲ್ಲಿ ಬಾಳುವ ನಿಮಗೆ ನೀರಿನ ಗುಣ ಹೇಳಬೇಕೆ? ಸಣ್ಣ ಸಂದಿ ಸಿಕ್ಕರೂ ಒಳಹೊಗುತ್ತದೆ. ಸುಳ್ಳೂ ಹಾಗೆಯೇ. ಓಡಿದ ಕಿಲೋಮೀಟರಿನ ಮೀಟರನ್ನು ಹಿಂದಕ್ಕೆ ತಿರುಗಿಸುವವನು ಕೊಳ್ಳುವವನ ಪ್ರಾಣದೊಡನೆ ಆಡುತ್ತಾನೆ.

ಹಳೆಯ ಕಾರಿನ ವ್ಯಾಪಾರಿಯ ಲಾಭಾಂಶದ ಮೇಲೆ ಸರ್ಕಾರ ಶೇಕಡಾ 18ರಷ್ಟು ಜಿಎಸ್‌ಟಿ ಕೇಳುತ್ತದೆ. ಕಟ್ಟಿದರೆ ಆ ಲೆಕ್ಕ ಮುಗಿಯಿತು. ಅಂತರಂಗದ ಲೆಕ್ಕ ಬೇರೆ. ಪತಿ ಮಾರಯ್ಯನವರು ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಆಯ್ದಕ್ಕಿ ಲಕ್ಕಮ್ಮನವರು ಹಿಂದಕ್ಕೆ ಕಳಿಸಿದರು. ಅದು ಕದ್ದದ್ದಲ್ಲ, ಬೇಕಾದುದಕ್ಕಿಂತ ಹೆಚ್ಚು, ಅಷ್ಟೆ.

ಆ ಯುವಕ ಕೊನೆಗೆ ತಲೆ ತಗ್ಗಿಸಿ, “ನನ್ನ ಹತ್ತಿರವೂ ನೀರಲ್ಲಿ ಮುಳುಗಿದ ಕಾರೊಂದಿದೆ. ನಿಜ ಹೇಳಿದರೆ ಬೆಲೆ ಅರ್ಧವಾಗುತ್ತದೆ” ಎಂದ.

“ಆಗಲಿ ಮಗೂ. ಹೇಳಿಯೇ ಮಾರು. ಅರ್ಧ ಹಣ ಹೋದೀತು, ಕಾಯಕ ಉಳಿದೀತು” ಎಂದೆವು.